ತಲೆ ತೋರ್ಸೋ, ಗೆರ್ಲೋಫ್

ಹೀರ್ಸುಮ್, ಫ್ರೀಸ್‌ಲ್ಯಾಂಡ್
ನನ್ನ ಅಡುಗೆಮನೆಯ ಮೇಜು
ಸೆಪ್ಟೆಂಬರ್ ೨೧, ಭಾನುವಾರ

ಪ್ರೀತಿಯ ವೀಟ್ಸ್ಕೆ ಅಕ್ಕಾ,

ಮೊದಲು ನಿನ್ನ ಕ್ಷೇಮ ವಿಚಾರಿಸಬೇಕು, ಗೊತ್ತು. ಆದರೆ ಕಳ್ಳನೊಬ್ಬ ಸೊಂಟದ ನೋವು ಹೇಗಿದೆ ಎಂದು ಕೇಳಿದರೆ ಅದಕ್ಕೆ ಬೆಲೆ ಇರುವುದಿಲ್ಲವಾದ್ದರಿಂದ ತಪ್ಪೊಪ್ಪಿಗೆ ಮೊದಲು. ಗೆರ್ಲೋಫ್ ಎಂಬ ಹೆಸರಿನ ನಾನು, ಆಯುಷ್ಯವಿಡೀ ಹಳ್ಳಿಯ ಮಕ್ಕಳಿಗೆ ಇತಿಹಾಸ ಕಲಿಸಿದವನು, ಹೀರ್ಸುಮ್ ಚರ್ಚಿನ ಗಡಿಯಾರಕ್ಕೆ ಕೀಲಿ ಕೊಡುವ ಜವಾಬ್ದಾರಿ ಹೊತ್ತವನು, ಕಳೆದ ವಾರ, ಹಾಡಹಗಲಿನಲ್ಲಿ, ಸಂಪೂರ್ಣ ಎಚ್ಚರದಲ್ಲಿದ್ದುಕೊಂಡು, ಸ್ವೀಡನ್ನಿನ ಒಂದು ಸರೋವರದ ದಂಡೆಯಲ್ಲಿರುವ ಕ್ಯಾಂಪಿನ ಬಚ್ಚಲುಮನೆಯ ಹಿಂದಿನಿಂದ ಒಂದು ಪೊರಕೆ ಕದ್ದಿದ್ದೇನೆ. ಉದ್ದ ಕೋಲಿನ ಪೊರಕೆ. ತಲೆಯ ಕಡ್ಡಿಗಳು ಅರ್ಧ ಸವೆದಿದ್ದವು; ಇದನ್ನು ಶಿಕ್ಷೆ ಕಡಿಮೆ ಮಾಡುವ ಸಂಗತಿಯೆಂದು ದಯವಿಟ್ಟು ಪರಿಗಣಿಸಬೇಕು. ಅಮ್ಮನ ಅಜ್ಜ ಪಾದ್ರಿಯವರ ಬಾತುಕೋಳಿ ಕದ್ದಿದ್ದ ಎಂದು ನೀನೇ ಹೇಳುತ್ತಿದ್ದೆ. ನೋಡು, ವಂಶ ಬಾತುಕೋಳಿಯಿಂದ ಪೊರಕೆಗೆ ಇಳಿದಿದೆ.

ಈಗ ಹೇಳು, ಸೊಂಟ ಹೇಗಿದೆ? ಡಾಕ್ಟರು ಹಾಕಿದ ಹೊಸ ಕೀಲು ನಿನ್ನ ಮಾತು ಕೇಳುತ್ತಿದೆಯೋ, ಇಲ್ಲ ನಿನ್ನ ಇಬ್ಬರು ತಮ್ಮಂದಿರ ಹಾಗೆ ಕೇಳಿದಂತೆ ನಟಿಸುತ್ತಿದೆಯೋ? ನಿನ್ನ ಮಗಳು ಫೋನಿನಲ್ಲಿ ‘ಅಮ್ಮ ಊರುಗೋಲು ಬಿಸಾಕಿ ತೋಟದಲ್ಲಿ ಓಡಾಡ್ತಾಳೆ ಮಾವ, ಬೇಡ ಅಂದ್ರೆ ನಮಗೇ ಬೈತಾಳೆ’ ಅಂದಳು. ಹಾಗಾದರೆ ಗುಣವಾಗಿದೆ ಎಂದೇ ಅರ್ಥ. ನ್ಯೂಜಿಲೆಂಡಿನಲ್ಲಿ ಈಗ ವಸಂತ. ಇಲ್ಲಿ ಗಾಳಿಗೆ ಆಗಲೇ ಹಲ್ಲು ಬಂದಿವೆ. ನಾನು ಚೆನ್ನಾಗಿದ್ದೇನೆ. ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೇನೆ, ಏನು ತಿಂದೆ ಎಂದು ಮಾತ್ರ ಕೇಳಬೇಡ. ಕಣ್ಣೂ ಚೆನ್ನಾಗಿದೆ. ಮೇ ತಿಂಗಳಲ್ಲಿ ಕಣ್ಣಿನ ಪೊರೆ ಹೋಯಿತು, ಸೆಪ್ಟೆಂಬರಿನಲ್ಲಿ ಕೈಗೆ ಪೊರಕೆ ಬಂತು. ಈ ವರ್ಷದ ನನ್ನ ಜೀವನಚರಿತ್ರೆಯನ್ನು ಇಷ್ಟರಲ್ಲೇ ಮುಗಿಸಬಹುದಿತ್ತು, ನಡುವೆ ಜೂನ್ ತಿಂಗಳು ಬರದೆ ಹೋಗಿದ್ದರೆ.

ನಿನ್ನ ಇನ್ನೊಬ್ಬ ತಮ್ಮ ಹಿಲ್ಕೆಯನ್ನು ಮಣ್ಣು ಮಾಡಿದ ಸಂಜೆ ನೀನು ಆಸ್ಪತ್ರೆಯ ಮಂಚದಿಂದ ಫೋನ್ ಮಾಡಿದ್ದೆ. ಬರಲಾಗಲಿಲ್ಲವಲ್ಲ ಎಂದು ಅಳುತ್ತೀ ಅಂದುಕೊಂಡು ನಾನು ಸಮಾಧಾನದ ಮಾತುಗಳನ್ನು ಸಾಲಾಗಿ ಜೋಡಿಸಿಟ್ಟುಕೊಂಡು ಕೂತಿದ್ದೆ. ನೀನು ಅಳಲಿಲ್ಲ. ‘ಬೈಕ್ ಎಲ್ಲಿದೆ?’ ಅಂದೆ. ಸ್ವೀಡನ್ನಿನಲ್ಲೇ, ಅವನ ಮೋಟರ್‌ಹೋಮಿನ ಹಿಂದಿನ ಟ್ರೇಲರ್ ಮೇಲೆ ಅಂತ ನಾನು ಹೇಳಿದೆ. ‘ಅದನ್ನ ಮನೆಗೆ ತಗೊಂಡು ಬಾ. ಷೆಡ್ಡಲ್ಲಿ ಅದರ ಜಾಗದಲ್ಲಿ ನಿಲ್ಸು. ನಿಲ್ಸಿದ ಮೇಲೆ ನಂಗೆ ಬರಿ. ಅಲ್ಲೀವರೆಗೂ ನಾನು ಅಳಲ್ಲ ಕಣೋ. ಅರ್ಧ ಮನೇಲಿ, ಅರ್ಧ ಹೊರಗೆ ಇರೋನಿಗೆ ಹೆಂಗೋ ಅಳೋದು? ಫೋನಲ್ಲಿ ಮಾತ್ರ ಹೇಳ್ಬೇಡ, ಫೋನಲ್ಲಿ ನೀನು ಬರೀ ತಮಾಷೆ ಮಾಡ್ತೀಯ. ಕಾಗದದಲ್ಲಿ ಬರಿ. ಬರೆದದ್ದನ್ನ ನಂಬ್ತೀನಿ.’ ಆ ಬೈಕಿನ ಮೇಲೆ ನಿನಗೆ ಹಕ್ಕಿದೆ, ಗೊತ್ತು. ನೀನು ದೇಶ ಬಿಟ್ಟ ದಿನ ರೈಲ್ವೆ ಸ್ಟೇಷನ್ನಿಗೆ ಹಿಂದೆ ಕೂತು ಹೋದದ್ದು ಅದರ ಮೇಲೆಯೇ. ಹಿಲ್ಕೆ ಅಂದರೆ ಇವತ್ತಿಗೂ ನಿನಗೆ ಕಾಣುವುದು ಆ ಕೆಂಪು ಬೈಕಿನ ಮೇಲಿನ ಅವನ ಬೆನ್ನು, ಗಾಳಿಗೆ ನೆಟ್ಟಗೆ ನಿಂತ ಕೂದಲು.

ಇಗೋ, ಕಾಗದದಲ್ಲಿ ಬರೆಯುತ್ತಿದ್ದೇನೆ. ಬೈಕು ಬಂತು. ಷೆಡ್ಡಿನಲ್ಲಿ ಅದರ ಜಾಗದಲ್ಲಿ ನಿಂತಿದೆ. ಮುಂದೆ ಮೋಟರ್‌ಹೋಮು, ಅದರ ಹಿಂದೆ ಟ್ರೇಲರು, ಟ್ರೇಲರಿನ ಮೇಲೆ ಬೈಕು, ಈ ಇಡೀ ಮೆರವಣಿಗೆಯನ್ನು ಕಾಲುವೆ ಪಕ್ಕದ ಓಣಿಯೊಳಗೆ ನಾನೊಬ್ಬನೇ ಹಿಮ್ಮುಖವಾಗಿ, ಒಂದೇ ಏಟಿಗೆ ತಳ್ಳಿ ನಿಲ್ಲಿಸಿದೆ. ಯಾರೂ ಹಿಂದೆ ನಿಂತು ಕೈ ಬೀಸಲಿಲ್ಲ. ಜೀವಮಾನವಿಡೀ ಹಿಂದೆ ನೋಡುವುದನ್ನೇ ಕಸುಬು ಮಾಡಿಕೊಂಡ ಇತಿಹಾಸದ ಮೇಷ್ಟ್ರಿಗೆ ಹಿಂದೆ ಹೋಗುವುದು ಏನು ಮಹಾ!

ಇದು ಎಂಥ ಸಾಹಸ ಎಂದು ನಿನಗೆ ಗೊತ್ತಾಗಬೇಕಾದರೆ ಮಜ್ಜಿಗೆಯ ಬಗ್ಗೆ ಹೇಳಬೇಕು. ನೀನು ಅದನ್ನು ಫೋಟೋದಲ್ಲಿ ಮಾತ್ರ ನೋಡಿದ್ದೀ. ಹಿಲ್ಕೆ ಅದನ್ನು ಕೊಂಡು ತಂದ ದಿನ ನಾನು ‘ಬಿಳಿ ಗಾಡಿ’ ಅಂದೆ. ‘ಬಿಳೀನಾ? ಇದು ಮಜ್ಜಿಗೆ ಬಣ್ಣ. ಹುಟ್ಟಿದಾಗಿಂದ ಪೇಂಟ್ ಮಾರಿದೋನಿಗೆ ನೀನು ಬಣ್ಣ ಹೇಳಿಕೊಡ್ಬೇಡ’ ಅಂದ. ಅಂದಿನಿಂದ ಅದರ ಹೆಸರೇ ಮಜ್ಜಿಗೆ. ಪುಟ್ಟ ಗಾಡಿ. ಒಳಗೆ ಎರಡು ಮಂಚ, ಒಬ್ಬ ಮಗ್ಗುಲಾಗಬೇಕಾದರೆ ಇನ್ನೊಬ್ಬನ ಅನುಮತಿ ಬೇಕು. ಹಳೇ ಡೀಸೆಲ್ ಎಂಜಿನು ನಮ್ಮ ಪಾದ್ರಿಯವರ ಹಾಗೆ, ಶುರುವಾಗುವ ಮೊದಲು ಚೆನ್ನಾಗಿ ಬಿಸಿಯಾಗಬೇಕು, ಶುರುವಾದ ಮೇಲೆ ಪಕ್ಕದವರ ಮಾತು ಕೇಳಿಸುವುದಿಲ್ಲ. ಕೀಲಿ ತಿರುಗಿಸಿ ಹಳದಿ ದೀಪ ಆರುವವರೆಗೆ ಕಾಯಬೇಕು. ಆ ಕಾಯುವ ಹೊತ್ತಿನಲ್ಲಿ ಇಬ್ಬರೂ ಒಂದೊಂದು ಉಪ್ಪಿನ ಜೇಷ್ಠಮಧು ಮಿಠಾಯಿ ಬಾಯಿಗೆ ಹಾಕಿಕೊಳ್ಳುವುದು, ದೀಪ ಆರಿತು ಎಂದು ಒಟ್ಟಿಗೆ ಕೂಗುವುದು. ಇಬ್ಬರು ಮುದುಕರು. ಯಾರಾದರೂ ನೋಡಿದ್ದರೆ ಆಸ್ಪತ್ರೆಗೆ ಫೋನ್ ಮಾಡುತ್ತಿದ್ದರು.

ಇನ್ನು ಟ್ರೇಲರು. ಮುಂದಕ್ಕೆ ಎಳೆಯುವಾಗ ಅದರಷ್ಟು ವಿಧೇಯ ಪ್ರಾಣಿ ಇನ್ನೊಂದಿಲ್ಲ. ಹಿಂದಕ್ಕೆ ತಳ್ಳಿದರೋ, ಸ್ಟೇರಿಂಗ್ ಎಡಕ್ಕೆ ತಿರುಗಿಸಿದರೆ ತಾನು ಬಲಕ್ಕೆ ಹೋಗುತ್ತದೆ. ಟ್ರೇಲರು ಚಿಕ್ಕದಾದಷ್ಟೂ ಹಟ ದೊಡ್ಡದು. ನೋಡನೋಡುತ್ತಲೇ ಮಡಚುವ ಚಾಕುವಿನ ಹಾಗೆ ಮಡಚಿಕೊಂಡು ಗಾಡಿಯ ಬೆನ್ನಿಗೇ ತಿವಿಯಲು ಬರುತ್ತದೆ. ಜೊತೆಗೆ ಅದು ಕಾಣುವುದೇ ಇಲ್ಲ. ಮಜ್ಜಿಗೆ ಅಗಲ, ಟ್ರೇಲರು ಸಣಕಲು. ಎರಡೂ ಪಕ್ಕದ ಕನ್ನಡಿಗಳಲ್ಲಿ ಬರೀ ರಸ್ತೆ. ಗಾಡಿಯ ಬೆನ್ನಿಗೆ ಒಂದು ಪುಟ್ಟ ಕಿಟಕಿಯೇನೋ ಇದೆ, ಆದರೆ ಎತ್ತರದಲ್ಲಿದೆ, ಅದರಿಂದ ಬೈಕೂ ಕಾಣುವುದಿಲ್ಲ. ಹೀಗಾಗಿ ಇಷ್ಟು ವರ್ಷವೂ ನಮ್ಮದು ಒಂದೇ ಪದ್ಧತಿ. ಹಿಲ್ಕೆ ಓಡಿಸುವುದು, ನಾನು ಹಿಂದೆ ನಡೆಯುತ್ತಾ ಕೈ ಬೀಸುವುದು. ಒಳಗಿನ ಕನ್ನಡಿಯಲ್ಲಿ, ಆ ಕಿಟಕಿಯಾಚೆ, ನನ್ನ ಬೋಳು ತಲೆ ಕಾಣುತ್ತಿದ್ದರೆ ಎಲ್ಲ ಸರಿ; ಕಾಣದಿದ್ದರೆ ಅವನು ಅಲ್ಲೇ ನಿಲ್ಲಿಸಿ, ಕಿಟಕಿಯಿಂದ ಕತ್ತು ಹೊರಗೆ ಹಾಕಿ ಇಡೀ ಕ್ಯಾಂಪಿಗೆ ಕೇಳುವಂತೆ ಕೂಗುವುದು: ‘ತಲೆ ತೋರ್ಸೋ, ಗೆರ್ಲೋಫ್! ಇರೋದು ಅದೊಂದು, ಅದನ್ನೂ ಮುಚ್ಚಿಡ್ತೀಯಲ್ಲೋ!’ ಆಮೇಲೆ ಯಾರದಾದರೂ ಹುಟ್ಟುಹಬ್ಬಕ್ಕೆ ನಾವೆಲ್ಲ ಗುಂಡಗೆ ಕುರ್ಚಿ ಹಾಕಿಕೊಂಡು ಕೇಕಿನ ತಟ್ಟೆ ಹಿಡಿದು ಕೂತಾಗ, ಅವನ ಕಥೆಯಲ್ಲಿ ನಾನು ಇರುತ್ತಲೇ ಇರಲಿಲ್ಲ. ‘ಹಿಮ್ಮುಖಾನಾ? ಬೆಂಕಿಪೆಟ್ಟಿಗೆ ಒಳಕ್ಕೆ ಹಾಕು ಅಂದ್ರೂ ಹಾಕ್ತೀನಿ.’ ನಾನು ಇನ್ನೊಂದು ತುಂಡು ಕೇಕು ಹಾಕಿಸಿಕೊಳ್ಳುತ್ತಿದ್ದೆ. ಕೈ ಬೀಸಿದವನು ಕೈ ಎತ್ತಿ ಜಗಳಕ್ಕೆ ನಿಲ್ಲಬಾರದು.

ಈ ವರ್ಷ ಕಣ್ಣಿನ ಆಪರೇಷನ್ನಿನಿಂದಾಗಿ ನಾನು ಹೋಗಲಿಲ್ಲ. ಹೊರಡುವ ಬೆಳಿಗ್ಗೆ ಅವನ ಷೆಡ್ಡಿನ ಮುಂದೆ, ಒಂದು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಕಡಲುಗಳ್ಳನ ಹಾಗೆ ನಿಂತಿದ್ದೆ. ಅವನು ಟ್ರೇಲರಿನ ಕೊಂಡಿಯನ್ನು ಮಜ್ಜಿಗೆಯ ಬಾಲಕ್ಕೆ ಕೂರಿಸಿ, ಹಿಡಿಯನ್ನು ಅಂಗೈಯಿಂದ ಒತ್ತಿದ. ‘ಟಕ್ ಅಂತು, ಕೇಳಿಸ್ತಾ? ಅಷ್ಟೇ. ಇನ್ನು ನಾನಾಗಿ ಬಿಡಿಸೋವರೆಗೂ ಬಿಡಲ್ಲ ಇದು.’ ಹಿಂದೆ ಯಾರು ನಿಲ್ತಾರೋ ಅಂತ ಕೇಳಿದೆ. ‘ನೀನಿಲ್ದೆ ಸ್ವೀಡನ್ ಮುಳುಗಿ ಹೋಗುತ್ತಾ? ಹೋಗು, ಕಣ್ಣಿಗೆ ಔಷಧಿ ಬಿಟ್ಕೋ ಹೋಗು.’ ಬೀಳ್ಕೊಡುಗೆಯ ಮಾತು ಇದಕ್ಕಿಂತ ಚೆನ್ನಾಗಿರಬಹುದಿತ್ತು. ಆದರೆ ಔಷಧಿಯನ್ನಂತೂ ಬಿಟ್ಟುಕೊಂಡೆ.

ಮುಂದಿನದು ನಿನಗೆ ಗೊತ್ತು. ಜೂನಿನಲ್ಲಿ, ಮಜ್ಜಿಗೆಯ ಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದವನು ಕೂತಲ್ಲೇ ಹೋದ. ಹೃದಯ. ಅವನನ್ನು ಬೇರೆಯವರು ಕರೆತಂದರು. ವಾಡಿಕೆಯಂತೆ ನೆರೆಯವರೇ ಹೊತ್ತು ಚರ್ಚಿಗೆ ಮೂರು ಸುತ್ತು ಬಂದರು. ಮುಂದಿನ ಎಡಗಡೆ ಪಕ್ಕದ ಮನೆಯ ವೊಪ್ಕೆ, ಬೂಟು ಕಿರುಗುಡುತ್ತಿತ್ತು. ನಾನು ಹಿಂದೆ ನಡೆದೆ. ಹಿಂದೆ ನಡೆಯುವುದು ನನಗೆ ಅಭ್ಯಾಸದ ಕೆಲಸವೇ. ಚರ್ಚಿನ ಮೂಲೆಯಲ್ಲಿ ಅವರು ತಿರುಗುವಾಗ ನನ್ನ ಕೈ ತಾನಾಗಿ ಮೇಲೆದ್ದು ‘ಬಾ, ಬಾ, ಇನ್ನೂ ಸ್ವಲ್ಪ, ಎಡಕ್ಕೆ’ ಎಂದು ಬೀಸತೊಡಗಿತ್ತಂತೆ. ನನಗೆ ಗೊತ್ತೇ ಆಗಲಿಲ್ಲ, ಆಮೇಲೆ ವೊಪ್ಕೆ ಹೇಳಿದ. ಕಾಫಿ ಕೊಟ್ಟರು, ಬೆಣ್ಣೆ ಸವರಿದ ಸಕ್ಕರೆ ಬ್ರೆಡ್ ಕೊಟ್ಟರು. ಚೆನ್ನಾಗಿದೆ ಅಂದೆ. ಬಂದವರೆಲ್ಲ ಕೈ ಹಿಡಿದು ಏನೇನೋ ಹೇಳಿದರು, ಎಲ್ಲರಿಗೂ ಸರಿಯಾದ ಉತ್ತರ ಕೊಟ್ಟೆ. ಹಲ್ಲಿನ ಡಾಕ್ಟರು ಸೂಜಿ ಚುಚ್ಚಿದ ಮೇಲೆ ತುಟಿ ಇರುತ್ತದಲ್ಲ, ಹಾಗೆ. ಮುಟ್ಟಿದರೆ ಕೈಗೆ ಗೊತ್ತಾಗುತ್ತದೆ, ತುಟಿಗೆ ಗೊತ್ತಾಗುವುದಿಲ್ಲ. ಸೂಜಿಯ ಪ್ರಭಾವ ಸಂಜೆಯೊಳಗೆ ಇಳಿಯುತ್ತದೆ ಅನ್ನುತ್ತಾರೆ. ಯಾವ ಸಂಜೆ ಎಂದು ಹೇಳುವುದಿಲ್ಲ.

ಡಾಕ್ಟರು ಗಾಡಿ ಓಡಿಸಬಹುದು ಅಂದ ಮೇಲೆ ರೈಲು ಹಿಡಿದು ಸ್ವೀಡನ್ನಿಗೆ ಹೋದೆ. ಕ್ಯಾಂಪಿನ ಒಡತಿ ಗುನ್ವೋರ್ ಎಂಬ ಹೆಂಗಸು, ನಿನ್ನ ವಯಸ್ಸಿನವಳೇ, ನಿನ್ನಷ್ಟೇ ಜೋರು. ಬೇಸಿಗೆಯೆಲ್ಲ ಮಜ್ಜಿಗೆಯನ್ನು ಇದ್ದ ಜಾಗದಿಂದ ಕದಲಿಸಿರಲಿಲ್ಲ. ಎಲೆ ಬಿದ್ದದ್ದನ್ನು ಮಾತ್ರ ಗುಡಿಸಿದ್ದಳು. (ನಾನು ಕದ್ದದ್ದು ಅದೇ ಪೊರಕೆ ಇರಬೇಕು. ನನ್ನ ಅಪರಾಧ ಇನ್ನಷ್ಟು ಭಾರವಾಯಿತು.) ಗಾಡಿ ನಿಂತ ಜಾಗ ನೋಡಿ ನನಗೆ ಆಶ್ಚರ್ಯವಾಯಿತು. ಎದುರಿಗೆ ಅಷ್ಟು ಚೆಂದದ ಸರೋವರ, ಇವನು ಹೋಗಿ ಕಸದ ಡಬ್ಬಿಗಳ ಪಕ್ಕದಲ್ಲಿ ನಿಲ್ಲಿಸಿದ್ದಾನೆ. ಕೇಳಿದೆ. ‘ನೀರಿನ ಹತ್ರ ಒಳ್ಳೇ ಜಾಗ ಕೊಟ್ಟಿದ್ದೆ ಕಣ್ರೀ, ಬೇಡ ಅಂದ್ರು’ ಅಂದಳು. ‘ಅಲ್ಲಿಗೆ ಹಿಮ್ಮುಖವಾಗಿ ಹೋಗ್ಬೇಕು. ಇದಾದ್ರೆ ಈ ಕಡೆಯಿಂದ ನುಗ್ಗಿದ್ರೆ ಆ ಕಡೆಯಿಂದ ಹೊರಗೆ ಹೋಗ್ಬಹುದು. ಹಿಂದೆ ನಿಲ್ಲೋನು ಈ ಸಲ ಬಂದಿಲ್ಲ, ಅವನಿಲ್ದೆ ನಂಗೆ ಬರಲ್ಲ ಅಂದ್ರು.’

ಬೆಂಕಿಪೆಟ್ಟಿಗೆಯ ಶೂರ, ಅಕ್ಕಾ! ಹುಟ್ಟುಹಬ್ಬದ ಕುರ್ಚಿಗಳ ಮುಂದೆ ಒಂದು ದಿನವೂ ಬಾಯಿಂದ ಬಾರದ ಮಾತನ್ನು ಪರಿಚಯವೇ ಇಲ್ಲದ ಹೆಂಗಸಿಗೆ ಹೇಳಿದ್ದಾನೆ. ಗುನ್ವೋರ್ ಇನ್ನೂ ಒಂದು ಹೇಳಿದಳು. ‘ಬಂದ ದಿನ ಗಾಡಿ ನಿಲ್ಲಿಸೋವಾಗ ಕಿಟಕಿಯಿಂದ ತಲೆ ಹೊರಗೆ ಹಾಕಿ ಹಿಂದಕ್ಕೆ ಏನೋ ಕೂಗಿದ್ರು. ಹಿಂದೆ ಯಾರೂ ಇಲ್ಲ. ನಾವೆಲ್ಲ ನಕ್ಕುಬಿಟ್ವಿ, ಅವ್ರೂ ನಕ್ರು. ಬೈಕಲ್ಲಿ ಸುತ್ತಾಡಿಕೊಂಡು ಬಂದು ಅದನ್ನ ಟ್ರೇಲರಿಗೆ ಹತ್ತಿಸೋವಾಗ್ಲೂ ಅದೇ ಕೂಗು. ಗೆರ್ಲೋಫ್ ಅಂದ್ರೆ ನಿಮ್ಮ ಭಾಷೇಲಿ ಏನು, ಹುಷಾರು ಅಂತಾನಾ?’ ನನ್ನ ಹೆಸರು ಅವಳಿಗೆ ಹೇಳಿರಲಿಲ್ಲ. ಹೌದು, ಹೆಚ್ಚು ಕಡಿಮೆ ಅದೇ ಅಂದೆ. ಇನ್ನೂ ಕಾಫಿ ಇದೆಯಾ ಎಂದು ಕೇಳಿದೆ. ಇತ್ತು.

ಮರುದಿನ ಬೆಳಿಗ್ಗೆ ಹೊರಡಲು ಕೂತರೆ, ಕನ್ನಡಿಯಲ್ಲಿ ಏನೂ ಇಲ್ಲ. ಪಕ್ಕದ ಕನ್ನಡಿಗಳಲ್ಲಿ ದಾರಿ, ಒಳಗಿನ ಕನ್ನಡಿಯಲ್ಲಿ ಕಿಟಕಿಯ ಆಕಾರದ ಆಕಾಶ. ಹಿಂದೆ ಟ್ರೇಲರಿದೆ, ಅದರ ಮೇಲೆ ನಿನ್ನ ಬೈಕಿದೆ ಎಂದು ಗೊತ್ತು; ಆದರೂ ಇಳಿದು ನೋಡಬೇಕು ಅನಿಸುತ್ತದೆ. ನೋಡಿ ಬಂದು ಕೂರುತ್ತೇನೆ, ಮತ್ತೆ ಅನಿಸುತ್ತದೆ. ಗಾಡಿ ಒಂದು ಅಡಿ ಮುಂದೆ ಹೋಗಿಲ್ಲ, ನಾನು ಆಗಲೇ ಒಂದು ಮೈಲಿ ನಡೆದಿದ್ದೆ. ಪೊರಕೆ ಕಣ್ಣಿಗೆ ಬಿದ್ದದ್ದು ಆಗ. ಕೋಲನ್ನು ಟ್ರೇಲರಿನ ಕಂಬಕ್ಕೆ ಬಿಗಿಯಾಗಿ ಕಟ್ಟಿದೆ, ತಲೆ ಮೇಲಾಗಿ. ಕೂತು ಕನ್ನಡಿ ನೋಡಿದರೆ ಕಿಟಕಿಯಾಚೆ ನೆಟ್ಟಗೆ ನಿಂತ ಕೂದಲಿನ ಒಂದು ತಲೆ. ನನ್ನ ತಲೆಯಂತೂ ಅಲ್ಲ, ನಿನಗೆ ಗೊತ್ತು. ಹಳದಿ ದೀಪ ಉರಿಯುತ್ತಿತ್ತು. ಸ್ಟೇರಿಂಗಿನ ಮುಂದಿನ ತಟ್ಟೆಯಲ್ಲಿ ಅವನ ಮಿಠಾಯಿಯ ಪೊಟ್ಟಣ ಬಾಯಿ ತೆರೆದುಕೊಂಡು ಬಿದ್ದಿತ್ತು. ಒಂದು ತಿಂದೆ. ಉಪ್ಪೋ ಸಿಹಿಯೋ ಗೊತ್ತಾಗಲಿಲ್ಲ. ದೀಪ ಆರಿತು. ಕೂಗಲಿಲ್ಲ. ಹೊರಟೆ.

ದಾರಿಯಲ್ಲಿ ವಿಶೇಷವೇನೂ ಇಲ್ಲ. ಲಾರಿಗಳು ನನ್ನನ್ನು ಹಿಂದೆ ಹಾಕಿದವು. ಅಜ್ಜ-ಅಜ್ಜಿಯರು ಕ್ಯಾರವಾನ್ ಎಳೆದುಕೊಂಡು ಹಿಂದೆ ಹಾಕಿದರು. ಗಾಡಿಯ ಮೇಲೆ ದೋಣಿ ಕಟ್ಟಿಕೊಂಡವನೊಬ್ಬ, ನೀರಿನಲ್ಲೂ ಇದಕ್ಕಿಂತ ಬೇಗ ಹೋಗುತ್ತೇನೆ ಎಂಬಂತೆ ನೋಡುತ್ತಾ ಹಿಂದೆ ಹಾಕಿದ. ಸಮುದ್ರದ ಮೇಲಿನ ಸೇತುವೆಯಲ್ಲಿ ಗಾಳಿ ಜೋರಾಗಿತ್ತು, ಪೊರಕೆ ಬೇಡ ಬೇಡ ಎಂದು ತಲೆಯಾಡಿಸುತ್ತಿತ್ತು. ನನ್ನ ಪ್ರಯಾಣದ ನಿಯಮ ಒಂದೇ: ಮುಂದಿನಿಂದ ಹೊರಬರಲು ದಾರಿಯಿಲ್ಲದ ಯಾವ ಜಾಗಕ್ಕೂ ನುಗ್ಗಬಾರದು. ಜಗತ್ತಿನಲ್ಲಿ ಅಂಥ ಜಾಗಗಳೇ ಜಾಸ್ತಿ ಎಂದು ನನಗೆ ಈ ವಯಸ್ಸಿನಲ್ಲಿ ಗೊತ್ತಾಯಿತು. ಡೆನ್ಮಾರ್ಕಿನಲ್ಲಿ ಒಂದು ಸಲ ಮಾತ್ರ ಎಡವಿದೆ. ಡೀಸೆಲ್ ಹಾಕಿಸಿಕೊಂಡು ಕಾಫಿಯ ಆಸೆಗೆ ಅಂಗಡಿಯ ಪಕ್ಕಕ್ಕೆ ತಿರುಗಿಸಿದರೆ, ಎದುರಿಗೆ ಬ್ರೆಡ್ಡಿನ ವ್ಯಾನೊಂದು ದಾರಿಗೆ ಅಡ್ಡ ನಿಂತಿದೆ. ಹಿಂದಕ್ಕೆ ನಾಲ್ಕು ಮಾರು ಸರಿದರೆ ಸಾಕು. ನಾನು ಎಂಜಿನ್ ಆರಿಸಿ ಕೂತೆ. ವ್ಯಾನಿನವನು ಬಾಗಿಲಿಗೆ ಒರಗಿ ತಿಂಡಿ ತಿನ್ನುತ್ತಿದ್ದ, ದಪ್ಪ ಮನುಷ್ಯ, ಅರ್ಜೆಂಟಿಲ್ಲ. ಕೊನೆಗೆ ಅವನೇ ಬಂದ. ‘ಯಾಕಜ್ಜ, ಗಾಡಿ ಕೆಟ್ಟಿದೆಯಾ?’ ಇಲ್ಲ, ವಿಶ್ರಾಂತಿ ತಗೊಳ್ತಿದೀನಿ ಅಂದೆ. ‘ಹಿಂದಕ್ಕೆ ತಗೊಂಡ್ರೆ ಹೋಗ್ಬಹುದಲ್ಲ, ಜಾಗ ಇದೆ, ಬೇಕಾದ್ರೆ ನಾನು ನೋಡ್ತೀನಿ.’ ಬೇಡ, ನನಗೂ ಅರ್ಜೆಂಟಿಲ್ಲ ಅಂದೆ. ಅವನು ಹಿಂದೆ ಹೋಗಿ ಪೊರಕೆ ನೋಡಿ ಬಂದ. ಸ್ವಲ್ಪ ಹೊತ್ತು ನನ್ನನ್ನೂ ನೋಡಿದ. ‘ಹೆಂಡ್ತಿ ಬರೋವರೆಗೂ ಕಾಯ್ತಿದೀರಾ? ನಮ್ಮನೇಲೂ ಅಷ್ಟೇ, ಅವಳು ಹಿಂದೆ ನಿಂತು ಬೈದ್ರೇನೇ ನಂಗೆ ಗೇರ್ ಬೀಳೋದು.’ ಅವನು ತಿಂಡಿ ಮುಗಿಸಿ, ಕೈ ಒರೆಸಿಕೊಂಡು, ಒಂದು ಬ್ರೆಡ್ಡನ್ನು ಕಿಟಕಿಯಿಂದ ನನ್ನ ಮಡಿಲಿಗೆ ಹಾಕಿ, ವ್ಯಾನ್ ತೆಗೆದ. ಬಿಸಿಯಾಗಿತ್ತು. ಜರ್ಮನಿ ಬರುವವರೆಗೂ ಅದು ಮಡಿಲಲ್ಲೇ ಇತ್ತು, ತಿನ್ನಬೇಕೆಂದು ಹೊಳೆಯಲಿಲ್ಲ.

ನಮ್ಮೂರಿನ ಹೊರಗೆ ಈಗ ರಸ್ತೆಗಳು ಕೂಡುವಲ್ಲಿ ಒಂದು ವೃತ್ತ ಮಾಡಿದ್ದಾರೆ, ನಡುವೆ ಹುಲ್ಲು, ಹುಲ್ಲಿನ ಮೇಲೆ ಕಲ್ಲಿನ ಹಸು. ಊರಿಗೆ ತಿರುಗುವ ದಾರಿಯನ್ನು ಕೊಳವೆ ಹಾಕಲು ಅಗೆದಿಟ್ಟು, ಬಣ್ಣದ ಹಲಗೆ ಅಡ್ಡ ಇಟ್ಟಿದ್ದರು. ನಿಲ್ಲಿಸುವಂತಿಲ್ಲ, ಹಿಂದೆ ಕಾರುಗಳು. ಹಿಂದೆ ಸರಿಯುವಂತಿಲ್ಲ, ಹಿಂದೆ ನನ್ನದೇ ಸಂಸಾರ. ಹಾಗಾಗಿ ಇನ್ನೊಂದು ಸುತ್ತು ಹಾಕಿದೆ, ಬದಲಿ ದಾರಿಯ ಹಲಗೆ ಎಲ್ಲಿದೆ ಎಂದು ಹುಡುಕುತ್ತಾ. ಕಲ್ಲಿನ ಹಸು ಮತ್ತೆ ಬಂತು. ಕಾಲುವೆ ಕಡೆಗೆ ಬಾಣದ ಗುರುತು ಕಂಡಿತು, ಅಷ್ಟರಲ್ಲಿ ದಾಟಿಹೋಗಿದ್ದೆ. ಹಾಗಾಗಿ ಇನ್ನೊಂದು. ಅಂಚಿನಲ್ಲಿ ವೊಪ್ಕೆ ಸೈಕಲ್ ಹಿಡಿದುಕೊಂಡು ನಿಂತಿದ್ದ. ಮೊದಲ ಸುತ್ತಿನಲ್ಲಿ ಕೈ ಬೀಸಿದ. ಎರಡನೆಯದರಲ್ಲಿ ನಕ್ಕ. ಮೂರನೆಯ ಸುತ್ತಿಗೆ ನಾನು ಅವನ ಮುಂದೆ ಹಾದುಹೋಗುವಾಗ ಸೈಕಲನ್ನು ಸೊಂಟಕ್ಕೆ ಒರಗಿಸಿಕೊಂಡು, ಟೋಪಿ ತೆಗೆದು ಎದೆಗಿಟ್ಟುಕೊಂಡಿದ್ದ. ನನಗೆ ಆಗ ಹೊಳೆಯಿತು. ಹಿಲ್ಕೆಯನ್ನು ಹೊತ್ತದ್ದೂ ಮೂರು ಸುತ್ತೇ. ಆಮೇಲೆ ಕಾಲುವೆಯ ದಾರಿ ಹಿಡಿದೆ. ಸೂಚಕದ ದೀಪ ಹಾಕಿದೆನೋ ಇಲ್ಲವೋ ನೆನಪಿಲ್ಲ.

ಇನ್ನು ಓಣಿಯ ಸಾಹಸ. ಅದನ್ನು ಮೇಲೆಯೇ ಹೇಳಿದ್ದೇನೆ, ಹೊಗಳಿಕೊಳ್ಳುವುದು ನನಗೆ ಒಗ್ಗುವುದಿಲ್ಲ, ಆದರೂ ಕೇಳು. ಒಂದು ಪಕ್ಕ ನೀರು, ಇನ್ನೊಂದು ಪಕ್ಕ ಮುಳ್ಳುಬೇಲಿ, ನಡುವೆ ಮಜ್ಜಿಗೆಯ ಅಗಲಕ್ಕಿಂತ ಎರಡು ಗೇಣು ಮಾತ್ರ ಹೆಚ್ಚು. ನೆಟ್ಟಗೆ ನುಗ್ಗಿದರೆ ಬೈಕು ಷೆಡ್ಡಿನಿಂದ ದೂರವೇ ಉಳಿಯುತ್ತದೆ, ಆಮೇಲೆ ಗಾಡಿ ಹೊರಗೆ ಬರುವುದಿಲ್ಲ, ಹಿಮ್ಮುಖವಾಗಿಯೇ ಹೋಗಬೇಕು. ಹೋದೆ. ಎಡಕ್ಕೆ ತಿರುಗಿಸಿದೆ, ಬಲಕ್ಕೆ ಹೋಯಿತು; ಬಲಕ್ಕೆ ತಿರುಗಿಸಿದೆ, ಎಡಕ್ಕೆ ಬಂತು. ಬಾತುಕೋಳಿಗಳು ದಾರಿ ಬಿಟ್ಟವು. ಬೇಲಿಯ ಒಂದು ಎಲೆ ಕೂಡ ಅಲ್ಲಾಡಲಿಲ್ಲ. ಷೆಡ್ಡಿನ ಬಾಗಿಲಲ್ಲಿ ಬೈಕಿನ ಹಿಂದಿನ ಚಕ್ರ ಅದರ ಹಳೇ ಎಣ್ಣೆ ಕಲೆಯ ಮೇಲೆ ಹೋಗಿ ನಿಂತಿತು. ಮಕ್ಕಳಿಗೆ ಪಾಠ ಮಾಡುವಂತಿದ್ದರೆ ಇದನ್ನು ತಾರೀಖು ಹಾಕಿ ಬಾಯಿಪಾಠ ಮಾಡಿಸುತ್ತಿದ್ದೆ. ಆದ್ದರಿಂದ ಅಕ್ಕಾ, ನಿನಗೆ ಕೊಟ್ಟ ಮಾತು ಉಳಿಸಿದ್ದೇನೆ. ಇನ್ನು ನೀನು ಅಳಬಹುದು.

ಮಗಳಿಗೆ, ಅಳಿಯನಿಗೆ ನನ್ನ ನೆನಪು ಹೇಳು. ಊರುಗೋಲನ್ನು ಬಿಸಾಡಿದ ಜಾಗದಿಂದ ವಾಪಸು ತಂದು ಬಾಗಿಲ ಹತ್ತಿರ ಇಟ್ಟುಕೋ, ಬೈಯುವಾಗ ತೋರಿಸಲಿಕ್ಕಾದರೂ ಬೇಕಾಗುತ್ತದೆ. ದೂರದಲ್ಲಿರುವ ದೊಡ್ಡವಳು ನೀನು, ಹತ್ತಿರದಲ್ಲಿ ಉಳಿದವನು ನಾನು. ಇಬ್ಬರಿಗೂ ಒಳ್ಳೆಯ ನಿದ್ದೆ ಬರಲಿ.

ನಿನ್ನ ತಮ್ಮ, ಪೊರಕೆಗಳ್ಳ,
ಗೆರ್ಲೋಫ್

ತಾ.ಕ. ಲಕೋಟೆ ಅಂಟಿಸಿದ್ದೆ, ಮತ್ತೆ ಹರಿದೆ. ಅಕ್ಕಾ, ಅಳಲು ಶುರು ಮಾಡಿದ್ದರೆ ಸ್ವಲ್ಪ ತಡೆ. ಬೈಕು ಅದರ ಜಾಗದಲ್ಲಿ ಇಲ್ಲ. ಸ್ಕೇಟಿಂಗ್ ಕ್ಲಬ್ಬಿನ ಹಿಂದಿನ ಬಯಲಿನಲ್ಲಿದೆ, ಟ್ರೇಲರಿನ ಮೇಲೆ, ಮಜ್ಜಿಗೆಯ ಹಿಂದೆ, ಪೊರಕೆಯ ಸಮೇತ. ಕಾಗದದ ತಲೆಯಲ್ಲಿ ಬರೆದ ಅಡುಗೆಮನೆಯ ಮೇಜೂ ಸುಳ್ಳು. ಇದು ಮಜ್ಜಿಗೆಯೊಳಗಿನ ಮಡಚುವ ಮೇಜು, ಅದಕ್ಕೇ ಅಕ್ಷರ ಓಲಾಡುತ್ತಿದೆ. ಬಂದ ದಿನದಿಂದ ಇಲ್ಲೇ ಮಲಗುತ್ತಿದ್ದೇನೆ. ಓಣಿಯ ಬಾಯಿಗೆ ಹೋಗಿ ಹಿಮ್ಮುಖದ ಗೇರು ಹಾಕಿದ್ದು ನಿಜ. ಕನ್ನಡಿ ನೋಡಿದೆ. ತಲೆ ಇತ್ತು, ಆದರೆ ಅದು ಕೈ ಬೀಸಲಿಲ್ಲ. ಸ್ವೀಡನ್ನಿನಿಂದ ಇಲ್ಲಿಯವರೆಗೆ ಒಂದು ಗೇಣು ಕೂಡ ನಾನು ಹಿಂದಕ್ಕೆ ಓಡಿಸಿಲ್ಲ. ನನಗೆ ಬರುವುದಿಲ್ಲ, ಅವನಿಗೂ ಬರುತ್ತಿರಲಿಲ್ಲ, ಇಬ್ಬರಿಗೂ ಸೇರಿ ಬರುತ್ತಿತ್ತು. ವೊಪ್ಕೆ ಬಂದು ‘ನಾನು ಹಿಂದೆ ನಿಲ್ತೀನಿ ಮೇಷ್ಟ್ರೇ’ ಅಂದ, ಬೇಡ ಅಂದೆ. ಮರುದಿನ ‘ಕೊಂಡಿ ಬಿಚ್ಚಿದ್ರೆ ಟ್ರೇಲರನ್ನ ಇಬ್ರೇ ಕೈಯಲ್ಲಿ ತಳ್ಕೊಂಡು ಹೋಗ್ಬಹುದಲ್ಲ’ ಅಂದ. ನಿಜ. ನನಗೂ ಮೊದಲಿನಿಂದಲೇ ಗೊತ್ತು. ಆದರೆ ಆ ಟಕ್ ಅನ್ನಿಸಿದ್ದು ಹಿಲ್ಕೆ. ತಾನಾಗಿ ಬಿಡಿಸೋವರೆಗೂ ಬಿಡಲ್ಲ ಅಂದಿದ್ದ. ಹಿಡಿಯ ಮೇಲೆ ಕೈ ಇಡುತ್ತೇನೆ, ತೆಗೆಯುತ್ತೇನೆ, ಒಳಗೆ ಬಂದು ಕೂರುತ್ತೇನೆ. ಚಳಿ ಬಿದ್ದ ಕೂಡಲೇ ಕ್ಲಬ್ಬಿನವರು ಮಂಜುಗಡ್ಡೆ ಕಟ್ಟಿಸಿ ಅದರ ಮೇಲೆ ಜಾರಾಡಲೆಂದು ಈ ಬಯಲಿಗೆ ನೀರು ಬಿಡುತ್ತಾರೆ. ಅಷ್ಟರೊಳಗೆ ಡಾಕ್ಟರು ವಿಮಾನ ಹತ್ತಬಹುದು ಅಂದರೆ ಬಾ. ಬಂದು ಓಣಿಯಲ್ಲಿ ಹಿಂದೆ ನಿಲ್ಲು. ನೀನು ಗಿಡ್ಡ, ಆ ಕಿಟಕಿ ಎತ್ತರ. ಹೊಸ ಸೊಂಟ ಇಟ್ಟುಕೊಂಡು ಯಾವುದರ ಮೇಲೂ ಹತ್ತಬೇಡ. ಎತ್ತರದ ಟೋಪಿ ಒಂದಿದ್ದರೆ ಹಾಕಿಕೊಂಡು ಬಾ. ನನಗೆ ತಲೆ ಕಾಣಬೇಕು.